ಹುಳದ ಮನೆಯ ಫ್ರೆಂಚ್

ಫ್ರೆಂಚ್ ಕಲಿಯಬೇಕಾದರೆ ಮೊದಲು ಇಂಗ್ಲಿಷ್ ಬರಬೇಕು. ಈ ನಿಯಮವನ್ನು ಯಾವ ಅರ್ಜಿ ಫಾರಂನಲ್ಲೂ ಅಚ್ಚು ಹಾಕಿರಲಿಲ್ಲ. ಆದರೆ ತರಗತಿಗೆ ಕಾಲಿಟ್ಟ ವಾರದೊಳಗೇ ಅದು ತಿಳಿದುಬಿಡುತ್ತಿತ್ತು. ವ್ಯಾಕರಣದ ವಿವರಣೆ ಇಂಗ್ಲಿಷಿನಲ್ಲಿ, ನಿಘಂಟು ಇಂಗ್ಲಿಷಿನಲ್ಲಿ, ಅನುವಾದದ ಪತ್ರಿಕೆ ಇಂಗ್ಲಿಷಿನಿಂದ ಫ್ರೆಂಚಿಗೆ. ಮಾಸ್ತಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಮಾಲೂರಿನಲ್ಲಿ ಪಿಯುಸಿ ಮುಗಿಸಿ ಬಂದವಳು ಪ್ಯಾರಿಸ್ಸಿಗೆ ಲಂಡನ್ನಿನ ಮೇಲೇ ಹೋಗಬೇಕಿತ್ತು.

ತಮಾಷೆ ಏನೆಂದರೆ ನಾನು ಫ್ರೆಂಚ್ ಹಿಡಿದದ್ದೇ ಇಂಗ್ಲಿಷಿನಿಂದ ತಪ್ಪಿಸಿಕೊಳ್ಳಲು. ತೊಂಬತ್ತರ ದಶಕದ ಕೊನೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕಂಪನಿಗಳು ಹೆಚ್ಚುತ್ತಿದ್ದವು, ಪರದೇಶದ ಭಾಷೆ ಬಂದರೆ ಕೆಲಸ ಸಿಗುತ್ತದೆ ಎಂಬ ಮಾತು ಮಾಲೂರಿನವರೆಗೂ ಬಂದಿತ್ತು. ಇಂಗ್ಲಿಷಿನಲ್ಲಿ ಕಾನ್ವೆಂಟಿನ ಮಕ್ಕಳು ನನಗಿಂತ ಹನ್ನೆರಡು ವರ್ಷ ಮುಂದಿದ್ದರು. ಫ್ರೆಂಚ್ ಆದರೆ ಎಲ್ಲರೂ ಸೊನ್ನೆಯಿಂದಲೇ ಶುರು ಮಾಡಬೇಕಲ್ಲ, ಅಲ್ಲಿ ಸರಿಸಮ ಇರಬಹುದು ಎಂದು ಲೆಕ್ಕ ಹಾಕಿದ್ದೆ. ಮೊದಲ ವರ್ಷ ಲೆಕ್ಕ ಸರಿಯಾಗಿಯೇ ಇತ್ತು. ಕ್ರಿಯಾಪದಗಳ ಕೋಷ್ಟಕ ಬಾಯಿಪಾಠ ಮಾಡುವುದರಲ್ಲಿ ಮಗ್ಗಿ ಹೇಳಿ ಬೆಳೆದವರನ್ನು ಮೀರಿಸುವವರು ಯಾರು? ಉನ್ನತ ವ್ಯಾಕರಣ ಮತ್ತು ಸಂಭಾಷಣೆ ಎಂಬ ಹೆಸರಿನ ಪತ್ರಿಕೆಗಳು ಬಂದಾಗಲೇ ಲೆಕ್ಕ ತಪ್ಪಿದ್ದು. ಬೇರೆಯವರು ವ್ಯಾಕರಣಕ್ಕೆ ಹೆದರುತ್ತಿದ್ದರು. ನನಗೆ ಹೆದರಿಕೆಯಿದ್ದದ್ದು ಸಂಭಾಷಣೆಗೆ.

ನಮ್ಮ ಕಡೆಯವರಿಗೆ ಮಾತಿಗೇನು ಬರ? ಮಾಸ್ತಿ ಇರುವುದು ತಮಿಳುನಾಡಿನ ಗಡಿಗೆ ಹತ್ತಿರ. ಕೋಲಾರ ಜಿಲ್ಲೆಯ ಎಷ್ಟೋ ಮನೆಗಳ ಹಾಗೆ ನಮ್ಮ ಮನೆಯ ಒಳಗಿನ ಮಾತು ತೆಲುಗು, ಶಾಲೆಯದು ಕನ್ನಡ, ಹೊಸೂರು ಕಡೆಯಿಂದ ಬರುತ್ತಿದ್ದ ಬಟ್ಟೆ ವ್ಯಾಪಾರಿಯ ಹತ್ತಿರ ಅಮ್ಮ ಚೌಕಾಸಿ ಮಾಡುತ್ತಿದ್ದದ್ದು ತಮಿಳಿನಲ್ಲಿ, ರೇಷ್ಮೆ ಗೂಡಿನ ರೇಟು ಕುದುರಿಸುವಾಗ ಅಪ್ಪನ ಬಾಯಲ್ಲಿ ಬರುತ್ತಿದ್ದದ್ದು ಉರ್ದು. ಊರಿನ ಹೆಸರನ್ನೇ ಹೊತ್ತ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. 1983ರ ಜ್ಞಾನಪೀಠ ಬಂದದ್ದು ಕನ್ನಡದ ‘ಚಿಕವೀರ ರಾಜೇಂದ್ರ’ಕ್ಕೆ. ಇದನ್ನು ನಮ್ಮಲ್ಲಿ ಯಾರೂ ವಿಶೇಷವಾಗಿ ಎತ್ತಿ ಆಡುವುದಿಲ್ಲ. ಮನೆಯಲ್ಲಿ ಒಂದು ಭಾಷೆ, ಹೊರಗೆ ಒಂದು ಭಾಷೆ ಅನ್ನುವುದು ನಮಗೆ ಚಪ್ಪಲಿ ಬಿಟ್ಟು ಒಳಗೆ ಬಂದಷ್ಟು ಸಹಜ.

ಮಾಲೂರಿನಿಂದ ಬೆಂಗಳೂರಿಗೆ ಮಾರಿಕುಪ್ಪಂ ಗಾಡಿಯಲ್ಲಿ ಪಾಸ್ ಮಾಡಿಸಿಕೊಂಡು ಓಡಾಡುತ್ತಿದ್ದೆ. ಆ ಗಾಡಿಯಲ್ಲಿ ಕೆಜಿಎಫ್‌ನ ತಮಿಳು, ಬಂಗಾರಪೇಟೆಯ ತೆಲುಗು, ಟೇಕಲ್‌ನ ಕನ್ನಡ ಒಂದರ ತೊಡೆಯ ಮೇಲೊಂದು ಕೂತು ಬರುತ್ತಿದ್ದವು. ಚಿನ್ನದ ಗಣಿ ಮುಚ್ಚುತ್ತಾರೋ ಇಲ್ಲವೋ ಎಂಬ ವಾದ ತಮಿಳಿನಲ್ಲಿ ಎದ್ದು, ವೈಟ್‌ಫೀಲ್ಡ್ ದಾಟುವಷ್ಟರಲ್ಲಿ ಮೂರು ಭಾಷೆಯಲ್ಲಿ ಹಬ್ಬಿರುತ್ತಿತ್ತು. 2001ರ ಫೆಬ್ರವರಿ ಕೊನೆಗೆ ಗಣಿ ನಿಜವಾಗಿಯೂ ಮುಚ್ಚಿತು. ಆಮೇಲೆ ಕೆಲವು ದಿನ ಆ ಬೋಗಿಯಲ್ಲಿ ಯಾರೂ ವಾದ ಮಾಡಲಿಲ್ಲ. ಇಂಥ ಗಾಡಿಯಿಂದ ಇಳಿದು ಬಂದವಳು ಸಂಭಾಷಣೆಯ ತರಗತಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದೆ.

ಕಾರಣ ಭಾಷೆಯದಲ್ಲ, ವಿಷಯದ್ದು. ಪಠ್ಯದ ಸಂಭಾಷಣೆಗಳಲ್ಲಿ ಜನ ಕೆಫೆಯಲ್ಲಿ ಭೇಟಿಯಾಗುತ್ತಿದ್ದರು, ಬಾಡಿಗೆಗೆ ಅಪಾರ್ಟ್‌ಮೆಂಟ್ ನೋಡುತ್ತಿದ್ದರು, ಚಳಿಗಾಲದಲ್ಲಿ ಹಿಮದ ಮೇಲೆ ಜಾರಲು ಹೋಗುತ್ತಿದ್ದರು. ಲೈಬ್ರರಿಯಲ್ಲಿ ಇದ್ದ ಹಳೆಯ ‘ನೀಲಿ ಮೋಜೆ’ಯಲ್ಲಿ, ಅಂದರೆ ಗಾಸ್ತೋಂ ಮೋಜೆ 1953ರಲ್ಲಿ ಹೊರತಂದು ಜಗತ್ತಿನಾದ್ಯಂತ ಫ್ರೆಂಚ್ ಕಲಿಸಿದ ಆ ಪ್ರಸಿದ್ಧ ಪುಸ್ತಕದಲ್ಲಿ, ಕೆನಡಾದ ವ್ಯಾಂಸಾಂ ಕುಟುಂಬ ಪ್ಯಾರಿಸ್ಸಿಗೆ ಬರುತ್ತದೆ, ಅವರ ಊಟ, ಹೋಟೆಲು, ಅಂಗಡಿಗಳ ಜೊತೆಗೆ ನಮ್ಮ ವ್ಯಾಕರಣವೂ ಸಾಗುತ್ತದೆ. ಒಳ್ಳೆಯ ಪುಸ್ತಕ, ಈಗಲೂ ನನಗೆ ಅದರ ಮೇಲೆ ಪ್ರೀತಿ. ಆದರೆ ಪಾಠ ಮುಗಿದ ಮೇಲೆ ‘ಈಗ ನಿಮ್ಮ ಬಗ್ಗೆ ಹೇಳಿ’ ಎಂದು ಬರುತ್ತಿತ್ತಲ್ಲ, ಅಲ್ಲಿ ಸಿಕ್ಕಿಕೊಳ್ಳುತ್ತಿದ್ದೆ. ರಜೆ ಎಲ್ಲಿ ಕಳೆದಿರಿ? ಯಾವ ರೆಸ್ಟೋರೆಂಟ್ ಇಷ್ಟ? ಹವ್ಯಾಸವೇನು? ಈ ಪ್ರಶ್ನೆಗಳಿಗೆ ನನ್ನಲ್ಲಿ ಕನ್ನಡದಲ್ಲೂ ಉತ್ತರ ಇರಲಿಲ್ಲ. ಜಯನಗರದ ಹುಡುಗಿಯರು ಊಟಿಯನ್ನು ಆಲ್ಪ್ಸ್ ಮಾಡಿ ಹೇಳಿ ಮುಗಿಸುತ್ತಿದ್ದರು.

ವ್ಯಾಕರಣದ ತರಗತಿಯಲ್ಲಿ ಇದಕ್ಕೆ ಪೂರ್ತಿ ತಿರುಗುಮುರುಗು. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎಂದಾಗ ಇಂಗ್ಲಿಷ್ ಮಾಧ್ಯಮದವರು ಇದೆಂಥ ಅನ್ಯಾಯ ಎಂದು ಗೊಣಗುತ್ತಿದ್ದರು. ನನಗೆ ಅನ್ಯಾಯ ಅನ್ನಿಸಲಿಲ್ಲ. ತೆಲುಗಿನಲ್ಲಿ ಅತ್ತೆ ಬಂದರೂ ಹಸು ಬಂದರೂ ಕ್ರಿಯಾಪದದ ಕೊನೆ ಒಂದೇ; ಕನ್ನಡಕ್ಕೆ ಹೊರಳಿದ ಕೂಡಲೇ ಅತ್ತೆ ಬಂದಳು, ಹಸು ಬಂತು. ಒಂದೇ ಅಂಗಳದಲ್ಲಿ ನಿಂತು ಇವೆರಡನ್ನೂ ಹೇಳಿ ಬೆಳೆದವರಿಗೆ ಲಿಂಗ ಅನ್ನುವುದು ಆಯಾ ಭಾಷೆ ತನಗೆ ಬೇಕಾದಂತೆ ಹಾಕಿಕೊಂಡ ಗೆರೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಉಚ್ಚಾರಣೆಯಲ್ಲೂ ಹೀಗೇ. ಗಂಟಲಿನಿಂದ ಬರುವ ಫ್ರೆಂಚ್ ‘ರ’ಕಾರಕ್ಕೆ ಎಲ್ಲರೂ ಕ್ಯಾಕರಿಸುತ್ತಿದ್ದಾಗ, ಶಿವಾಜಿನಗರದಿಂದ ಬರುತ್ತಿದ್ದ ಗೆಳತಿಯೊಬ್ಬಳು ಉರ್ದುವಿನ ‘ಗರೀಬ್’ನ ಗಕಾರವನ್ನು ತುಸು ಸಡಿಲಿಸಿ ಸಲೀಸಾಗಿ ಹೇಳಿಬಿಟ್ಟಳು. ನಾನು ಅವಳ ಹಿಂದೆ ಬಿದ್ದು ಅದನ್ನು ಕಲಿತೆ. ಗೂಡಿನ ವ್ಯಾಪಾರಿಗಳ ಮಾತು ಕೇಳಿದ ಕಿವಿ, ಬೇಗ ಹತ್ತಿತು.

ಸ್ಯುಬ್‌ಜೊಂಕ್ತೀಫ್ ಎಂಬ ರೂಪ ಬಂದಾಗ ತರಗತಿಯೇ ಸುಸ್ತಾಯಿತು. ಇಚ್ಛೆ, ಅನುಮಾನ, ಭಯ, ಅಗತ್ಯ ಇವುಗಳ ನಂತರ ಕ್ರಿಯಾಪದ ತನ್ನ ಮಾಮೂಲಿ ರೂಪ ಬಿಟ್ಟು ಇನ್ನೊಂದನ್ನು ತೊಡಬೇಕು. ಪುಸ್ತಕದಲ್ಲಿ ಪಟ್ಟಿ ಇತ್ತು. ಇಂಗ್ಲಿಷಿನಲ್ಲಿ ಈ ರೂಪ ಸವೆದು ಹೋಗಿರುವುದರಿಂದ ಆ ಪಟ್ಟಿಯನ್ನು ಉರು ಹೊಡೆಯುವುದೊಂದೇ ದಾರಿ. ನಾನೂ ಉರು ಹೊಡೆದೆ. ಒಂದು ಸಂಜೆ ಗಾಡಿಯಲ್ಲಿ ರೈತರೊಬ್ಬರು ‘ಮಳೆ ಬರ್ಲಿ ಅಂತ ಕಾಯ್ತಾ ಇದ್ದೀವಿ’ ಎಂದಾಗ ಥಟ್ಟನೆ ಹೊಳೆಯಿತು. ಇಂಗ್ಲಿಷಿನವನು ಮಳೆಗೆ ಕಾಯುತ್ತಾನೆ ಅಷ್ಟೆ. ಕನ್ನಡದವನು ‘ಬರಲಿ’ ಎಂದು ಕಾಯುತ್ತಾನೆ, ಫ್ರೆಂಚಿನವನೂ ಹಾಗೇ ಕಾಯುತ್ತಾನೆ. ‘ಕಾಯು’ ಎಂಬುದರ ಮುಂದೆ ಅವನಿಗೂ ಸ್ಯುಬ್‌ಜೊಂಕ್ತೀಫೇ ಬೇಕು. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಬರೆಸಿದ್ದ ವಿಧ್ಯರ್ಥಕ ‘ಬರಲಿ’, ಸಂಭಾವನಾರ್ಥಕ ‘ಬಂದಾನು’ ಎರಡನ್ನೂ ಪಕ್ಕದಲ್ಲಿಟ್ಟುಕೊಂಡರೆ ಆ ಉದ್ದನೆಯ ಪಟ್ಟಿಯಲ್ಲಿ ಬಹುಪಾಲು ತಾನಾಗಿ ಸಾಲಾಗಿ ನಿಲ್ಲುತ್ತಿತ್ತು. ಪೂರ್ತಿ ಹೊಂದುವುದಿಲ್ಲ ನಿಜ. ‘ಆಶಿಸು’ ಎಂಬುದಕ್ಕೆ ಫ್ರೆಂಚರು ಸ್ಯುಬ್‌ಜೊಂಕ್ತೀಫ್ ಹಾಕುವುದಿಲ್ಲ, ‘ಬಯಸು’ ಎಂಬುದಕ್ಕೆ ಹಾಕುತ್ತಾರೆ. ಅವರಿಗೆ ಆಸೆ ಇಟ್ಟುಕೊಂಡದ್ದು ಆದ ಹಾಗೇ ಲೆಕ್ಕವೋ ಏನೋ.

ಅಂದಿನಿಂದ ಪುಸ್ತಕದ ಇಂಗ್ಲಿಷ್ ವಿವರಣೆಯನ್ನು ಓದಿದರೂ ಅದನ್ನು ಅಲ್ಲೇ ಬಿಟ್ಟು, ಈ ವಾಕ್ಯವನ್ನು ನಮ್ಮ ಮನೆಯಲ್ಲಿ ಹೇಗೆ ಹೇಳುತ್ತಾರೆ ಎಂದು ಕೇಳಿಕೊಳ್ಳತೊಡಗಿದೆ. ‘ನನಗೆ ಬೇಕು’ ಎಂಬಲ್ಲಿ ಬೇಡುವವನು ಚತುರ್ಥಿಯಲ್ಲಿ ನಿಲ್ಲುತ್ತಾನೆ. ಫ್ರೆಂಚಿನ ‘ಇಲ್ ಮ ಫೋ’ದಲ್ಲೂ ಹಾಗೇ. ಇನ್ನೂ ಚೆಂದದ್ದು ಕೊಂದಿಸಿಯೊನೆಲ್‌ ಎಂಬ ಕ್ರಿಯಾರೂಪದ ಒಂದು ಉಪಯೋಗ. ಅಲ್ಲಿನ ಪತ್ರಿಕೆಗಳು ಖಚಿತವಾಗದ ಸುದ್ದಿಯನ್ನು ಬರೆಯುವಾಗ ಆ ರೂಪ ಬಳಸುತ್ತವೆ. ‘ಮಂತ್ರಿಗಳು ರಾಜೀನಾಮೆ ಕೊಟ್ಟಿದ್ದಾರೆ’ ಎಂದರೆ ಪತ್ರಿಕೆಯೇ ಹೊಣೆ; ಕ್ರಿಯಾಪದವನ್ನು ಕೊಂದಿಸಿಯೊನೆಲ್‌ಗೆ ತಿರುಗಿಸಿದರೆ ಹೊಣೆ ಜಾರಿಹೋಗುತ್ತದೆ. ತರಗತಿಯಲ್ಲಿ ಇದಕ್ಕೆ ಇಂಗ್ಲಿಷಿನಲ್ಲಿ ಹಲವು ಪದಗಳ ಸಾಲನ್ನೇ ಕೊಟ್ಟರು. ನನ್ನ ನೋಟ್ ಬುಕ್ಕಿನಲ್ಲಿ ನಾನು ಬರೆದುಕೊಂಡದ್ದು ‘ಅಂತೆ’ ಎಂದು ಮಾತ್ರ. ಕೊಟ್ಟರಂತೆ. ಬಿಟ್ಟರಂತೆ. ಜಗಲಿಯ ಮೇಲೆ ಕೂತು ಇಡೀ ಊರಿನ ಸುದ್ದಿಯನ್ನು ಈ ಒಂದು ಪ್ರತ್ಯಯದ ಮರೆಯಲ್ಲಿ ನಿಂತು ಹೇಳುತ್ತಿದ್ದ ನನ್ನ ಅಜ್ಜಿ ಪ್ಯಾರಿಸ್ಸಿನ ಯಾವ ಪತ್ರಿಕೆಯಲ್ಲಾದರೂ ವರದಿಗಾರ್ತಿ ಆಗಬಹುದಿತ್ತು.

ಹಾಗೆಂದು ಕನ್ನಡ ಎಲ್ಲ ಕಡೆ ದಾರಿ ತೋರಿಸಿತು ಅನ್ನಲಾರೆ. ಬೇರೆಯವರ ಮಾತನ್ನು ವರದಿ ಮಾಡುವ ಅಧ್ಯಾಯದಲ್ಲಿ ಕನ್ನಡವೇ ಕಾಲಿಗೆ ತೊಡರಿತು. ನಾವು ಹೇಳಿದವನ ಮಾತನ್ನು ಹಾಗೇ ಎತ್ತಿ ಇಟ್ಟು ಕೊನೆಗೆ ‘ಅಂದ’ ಸೇರಿಸುತ್ತೇವೆ: ನಾಳೆ ಬರ್ತೀನಿ ಅಂದ. ಫ್ರೆಂಚಿನಲ್ಲಿ ‘ನಾನು’ ‘ಅವನು’ ಆಗಬೇಕು, ಭವಿಷ್ಯತ್ತು ಕೊಂದಿಸಿಯೊನೆಲ್‌ಗೆ ಸರಿಯಬೇಕು, ‘ನಾಳೆ’ ‘ಮರುದಿನ’ ಆಗಬೇಕು, ‘ಇಲ್ಲಿ’ ‘ಅಲ್ಲಿ’ಗೆ ಹೋಗಬೇಕು. ಒಬ್ಬನ ಮಾತನ್ನು ಇನ್ನೊಬ್ಬನಿಗೆ ದಾಟಿಸಲು ಇಡೀ ಮನೆಯ ಸಾಮಾನು ಕದಲಿಸಬೇಕು. ಇದು ಇಂಗ್ಲಿಷ್ ಮಾಧ್ಯಮದವರಿಗೆ ಸಲೀಸು. ಭೂತಕೃದಂತ ತನಗಿಂತ ಮೊದಲು ಬಂದ ಕರ್ಮದ ಲಿಂಗ ವಚನಕ್ಕೆ ಹೊಂದಿಕೊಳ್ಳಬೇಕೆಂಬ ನಿಯಮವೂ ಇದೆ. ಹದಿನಾರನೆಯ ಶತಮಾನದ ಕವಿ ಕ್ಲೆಮಾಂ ಮಾರೋ ಇಟಾಲಿಯನ್ನಿನ ಮೇಲ್ಪಂಕ್ತಿ ತೋರಿಸಿ ಪ್ರಚಾರ ಮಾಡಿದ ನಿಯಮ, ಫ್ರೆಂಚರೇ ಎಡವುತ್ತಾರೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಸಂಭಾಷಣೆಯ ಬೀಗ ತೆಗೆದದ್ದು ಒಂದು ಸೋಮವಾರ. ನಮ್ಮ ಮೇಡಂ, ಕೆಲವು ವರ್ಷ ಫ್ರಾನ್ಸಿನಲ್ಲಿ ಓದಿ ಬಂದಿದ್ದ ಕನ್ನಡದವರು, ಭಾನುವಾರ ಏನು ಮಾಡಿದಿರಿ ಎಂದು ಸಾಲಾಗಿ ಕೇಳುತ್ತಾ ಬಂದರು. ಸಿನಿಮಾ, ಸಿನಿಮಾ, ಬ್ರಿಗೇಡ್ ರೋಡ್, ಸಿನಿಮಾ. ನನ್ನ ಸರದಿ ಬಂದಾಗ ಬೇರೇನೂ ತೋಚದೆ ‘ಹುಳಗಳಿಗೆ ಸೊಪ್ಪು ಹಾಕಿದೆ’ ಎಂದೆ. ತರಗತಿ ನಕ್ಕಿತು. ಮೇಡಂ ನಗಲಿಲ್ಲ, ಮುಂದಿನವರ ಕಡೆಗೂ ತಿರುಗಲಿಲ್ಲ.

‘ಯಾವ ಹುಳ? ಎಷ್ಟು ಹುಳ? ದಿನಕ್ಕೆ ಎಷ್ಟು ಸಲ ಹಾಕುತ್ತೀರಿ?’

ಅವರು ಒಂದೊಂದೇ ಪ್ರಶ್ನೆ ಹಾಕುತ್ತಾ ಹೋದರು, ಎಲ್ಲವೂ ಫ್ರೆಂಚಿನಲ್ಲಿ, ನನ್ನನ್ನು ಗೌರವದ ‘ವೂ’ ಎಂದೇ ಕರೆಯುತ್ತಾ. ನನಗೆ ಪದಗಳಿರಲಿಲ್ಲ, ಆದರೆ ಹೇಳುವುದು ಬೇಕಾದಷ್ಟಿತ್ತು. ನೂರು ಮೊಟ್ಟೆ ಮೇಯಿಸುತ್ತೇವೆ ಎಂದರೆ ನೂರು ಹುಳವಲ್ಲ, ನೂರು ಚಿಟ್ಟೆ ಇಟ್ಟ ಮೊಟ್ಟೆಗಳು, ಅಂದರೆ ಸಾವಿರ ಸಾವಿರ ಹುಳ ಎಂದು ವಿವರಿಸಲು ಕೈ, ಬೋರ್ಡು, ಸೀಮೆಸುಣ್ಣ ಎಲ್ಲ ಬೇಕಾಯಿತು. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ, ಆಗ ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನಿರುತ್ತದೆ. ನಮ್ಮಲ್ಲಿ ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅದರ ಹಸಿವು ತಡೆಯಲು ಮನೆಯವರೆಲ್ಲ ಸೇರಿದರೂ ಆಗುವುದಿಲ್ಲ. ನಡುರಾತ್ರಿ ಎದ್ದು ಸೊಪ್ಪು ಹಾಕಬೇಕು. ಹಣ್ಣಾದ ಹುಳವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಗಂಟೆ ಹೊಡೆಯಿತು, ಸಂಭಾಷಣೆ ಮುಗಿದಿರಲಿಲ್ಲ. ಮುಂದಿನ ವಾರ ಇದರ ಮೇಲೆ ಹದಿನೈದು ನಿಮಿಷ ಮಾತಾಡಬೇಕು, ಫ್ರಾನ್ಸಿನಲ್ಲೂ ಹುಳ ಸಾಕುತ್ತಿದ್ದರು, ಹುಡುಕಿ ಎಂದರು ಮೇಡಂ.

ದಂಡು ರೈಲು ನಿಲ್ದಾಣದಿಂದ ತಿಮ್ಮಯ್ಯ ರಸ್ತೆಯ ಅಲಿಯಾನ್ಸ್ ಫ್ರಾನ್ಸೇಸ್‌ಗೆ ನಡೆದೇ ಹೋಗಬಹುದು. ಅಲ್ಲಿನ ಲೈಬ್ರರಿಯಲ್ಲಿ ಕೂತು ಓದಿದೆ. ದಕ್ಷಿಣ ಫ್ರಾನ್ಸಿನ ಸೆವೆನ್ ಬೆಟ್ಟಸೀಮೆಯಲ್ಲಿ ಹಿಂದೆ ಮನೆ ಮನೆಯಲ್ಲೂ ರೇಷ್ಮೆ. ಹುಳದ ಮನೆಗೆ ಅವರು ಮಾನ್ಯಾನ್‌ರಿ ಎನ್ನುತ್ತಿದ್ದರು, ಬೆಂಕಿ ಹಾಕಿ ಕಾವು ಕೊಡುತ್ತಿದ್ದರು. ನಮ್ಮ ಬಿದಿರಿನ ಚಂದ್ರಿಕೆಯ ಬದಲು ಒಣ ಪೊದೆಯ ಕಡ್ಡಿಗಳನ್ನು ನಿಲ್ಲಿಸಿ ಹುಳ ಹತ್ತಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪೆಬ್ರೀನ್ ರೋಗ ಬಂದು ಆ ಸೀಮೆ ಮುಳುಗಿತು. ಪೆಬ್ರೀನ್ ಎಂದರೆ ನಮ್ಮ ಗಂಟುರೋಗ. ಸುಣ್ಣಕಟ್ಟು, ಹಾಲುರೋಗ, ಸಪ್ಪೆರೋಗ ಬಂದರೆ ಒಂದು ಬೆಳೆ ಹೋಗುತ್ತದೆ. ಗಂಟುರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ, ಅದಕ್ಕೇ ಅಪ್ಪನಿಗೆ ಅದರ ಹೆಸರು ಕೇಳಿದರೇ ಆಗುತ್ತಿರಲಿಲ್ಲ.

ಈ ರೋಗದ ಬೇರು ಹುಡುಕಲು 1865ರಲ್ಲಿ ಆಲೆಸ್ ಪಟ್ಟಣಕ್ಕೆ ಬಂದವರು ಲೂಯಿ ಪಾಶ್ಚರ್. ಕಳಿಸಿದವರು ಅವರ ಗುರು, ಅದೇ ಊರಿನವರಾದ ರಸಾಯನಶಾಸ್ತ್ರಜ್ಞ ದ್ಯುಮಾ. ಪಾಶ್ಚರರಿಗೆ ರೇಷ್ಮೆ ಹುಳದ ಗಂಧವೇ ಇರಲಿಲ್ಲ. ಅವಿನ್ಯೋನ್‌ನಲ್ಲಿದ್ದ ಕೀಟತಜ್ಞ ಫಾಬ್ರ್ ಅವರ ಮನೆಗೆ ಹೋಗಿ, ಗೂಡೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಏನೋ ಇದೆಯಲ್ಲ ಎಂದು ಬೆರಗಾದರಂತೆ. ಫಾಬ್ರ್ ಅವರೇ ಇದನ್ನು ಬರೆದಿದ್ದಾರೆ. ನಮ್ಮೂರಿನ ಅಂಗನವಾಡಿ ಮಗುವಿಗೂ ಒಳಗೆ ಏನಿದೆ ಎಂದು ಗೊತ್ತು. ಆದರೆ ಐದು ವರ್ಷದಲ್ಲಿ ಅದೇ ಮನುಷ್ಯ ದಾರಿ ಕಂಡುಹಿಡಿದರು: ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ರೋಗಕಣ ಕಂಡರೆ ಅದರ ಮೊಟ್ಟೆಗಳನ್ನು ಸುಡಬೇಕು. ಅಪ್ಪ ಮೊಟ್ಟೆ ತರುತ್ತಿದ್ದ ಸರ್ಕಾರಿ ಗ್ರೇನೇಜಿನಲ್ಲಿ ಇವತ್ತಿಗೂ ಅದೇ ಕೆಲಸ ನಡೆಯುತ್ತದೆ. ಅಪ್ಪ ದಿನಾ ಬಳಸುತ್ತಿದ್ದ ಆ ಪದವೂ ಫ್ರೆಂಚೇ.

ನನ್ನ ಹದಿನೈದು ನಿಮಿಷ ಮೂವತ್ತಾಯಿತು. ಪಾಶ್ಚರ್ ಗೂಡು ಅಲ್ಲಾಡಿಸಿದ್ದನ್ನು ಹೇಳಿದಾಗ ತರಗತಿ ಮತ್ತೆ ನಕ್ಕಿತು, ಈ ಸಲ ನಾನು ನಗಿಸಿದ್ದಕ್ಕೆ. ‘ಮಳೆಗಾಲದಲ್ಲಿ ಒದ್ದೆ ಸೊಪ್ಪು ಹಾಕಿದ್ದರೆ ಹುಳ ಸಾಯುತ್ತಿದ್ದವು’ ಎಂಬಂಥ ವಾಕ್ಯಗಳು, ಅಭ್ಯಾಸದ ಹಾಳೆಯಲ್ಲಿ ಗಂಟೆಗಟ್ಟಲೆ ತಿಣುಕಿಸುತ್ತಿದ್ದಂಥವು, ತಾವಾಗಿ ಬಂದವು. ಹುಳ ಸಾಯುವುದು ನನಗೆ ನಿಜವಾದ ಚಿಂತೆ. ಕೆಫೆಯಲ್ಲಿ ಕಾಫಿ ತಣ್ಣಗಾಗುವುದು ಅಲ್ಲ.

ಇನ್ನೊಂದು ಅಡ್ಡಮಾತು. ಪಾಸೆ ಸ್ಯಾಂಪ್ಲ್ ಎಂಬ ಭೂತಕಾಲ ಆಡುವ ಬಾಯಿಂದ ಮರೆಯಾಗಿ ಪುಸ್ತಕದಲ್ಲಿ ಮಾತ್ರ ಉಳಿದದ್ದು. ಅದನ್ನು ಗುರುತಿಸಲು ಹಳೆಯ ಗ್ರಂಥದ ತುಣುಕು ತರಬೇಕೆಂದಾಗ, ಹೈದರಾಲಿಯ ಫಿರಂಗಿದಳದಲ್ಲಿದ್ದ ಮೇತ್ರ್ ದ ಲಾ ತೂರ್ ಎಂಬ ಫ್ರೆಂಚ್ ಅಧಿಕಾರಿ ಬರೆದು 1783ರಲ್ಲಿ ಅಚ್ಚಾದ ಹೈದರನ ಚರಿತ್ರೆಯ ಕೆಲವು ಪುಟ ತಂದಿದ್ದೆ. ಹೈದರ್ ಹುಟ್ಟಿದ ಬೂದಿಕೋಟೆ ನಮ್ಮೂರಿಗೆ ದೂರವಲ್ಲ. ಮದುವೆ ಮುಂಜಿಗೆ ಹೋಗಿ ಬರುವ ಊರು. ಅವನ ಮಗ ಟಿಪ್ಪು ಕಳಿಸಿದ ಮೂವರು ರಾಯಭಾರಿಗಳು 1788ರಲ್ಲಿ ವರ್ಸೇಲ್ಸ್‌ನಲ್ಲಿ ಹದಿನಾರನೆಯ ಲೂಯಿಯ ಮುಂದೆ ನಿಂತರು, ಅವರಲ್ಲಿ ದರ್ವೇಶ್ ಖಾನನ ಚಿತ್ರವನ್ನು ವಿಜೆ ಲ ಬ್ರ್ಯಂ ಎಂಬ ಹೆಸರಾಂತ ಕಲಾವಿದೆ ಬರೆದಳು. ಇಂಗ್ಲಿಷರ ವಿರುದ್ಧ ಸೈನ್ಯ ಕೇಳಲು ಹೋದವರು ಬರಿಗೈಯಲ್ಲಿ ವಾಪಸಾದರು. ಮರುವರ್ಷ ಅಲ್ಲಿ ಕ್ರಾಂತಿ.

ಊರಿನಲ್ಲಿ ನನ್ನ ಓದಿಗೆ ಸಿಕ್ಕ ಸ್ವಾಗತ ಮಾಸ್ತಿಯವರ ‘ರಂಗಪ್ಪನ ಮದುವೆ’ಯಂತೆಯೇ ಇತ್ತು. ಆ ಕಥೆಯಲ್ಲಿ ಇಂಗ್ಲಿಷ್ ಕಲಿಯಲು ಬೆಂಗಳೂರಿಗೆ ಹೋದ ಹುಡುಗ ಬದಲಾಗಿದ್ದಾನೋ ಎಂದು ನೋಡಲು ಊರೇ ನೆರೆಯುತ್ತದೆ. ನನ್ನನ್ನು ನೋಡಲು ಊರು ನೆರೆಯಲಿಲ್ಲ, ಪಕ್ಕದ ಮನೆಯ ಪದ್ದತ್ತೆ ಬಂದರು. ‘ಏನಮ್ಮೀ, ಏನಾದ್ರೂ ಒಂದು ಮಾತಾಡು ಕೇಳಾಣ’ ಎಂದರು. ಆಡಿದೆ. ‘ಮೂಗು ಕಟ್ಟಿದೆಯೇನೇ’ ಎಂದು ಕಷಾಯಕ್ಕೆ ಮೆಣಸು ಕುಟ್ಟಲು ಅಮ್ಮನಿಗೆ ಹೇಳಿ ಹೋದರು. ಅನುನಾಸಿಕ ಸ್ವರಗಳಿಗೆ ಇಷ್ಟು ಖಚಿತವಾದ ಪ್ರಮಾಣಪತ್ರ ನನಗೆ ಮತ್ತೆ ಸಿಕ್ಕಿಲ್ಲ.

ಕೊನೆಯ ಮೌಖಿಕ ಪರೀಕ್ಷೆಗೆ ಪುದುಚೇರಿಯಿಂದ ಪರೀಕ್ಷಕರು ಬಂದಿದ್ದರು. ಚೀಟಿ ಎತ್ತಬೇಕು, ಬಂದ ವಿಷಯದ ಮೇಲೆ ಮಾತಾಡಬೇಕು. ನನಗೆ ಬಂದದ್ದು ‘ಫ್ಯಾಷನ್’. ಹಿಂದಿನ ವರ್ಷವಾಗಿದ್ದರೆ ಅಲ್ಲೇ ಕುಸಿಯುತ್ತಿದ್ದೆ. ಪ್ಯಾರಿಸ್ಸಿನ ರೇಷ್ಮೆ ಉಡುಪಿನಿಂದ ಶುರು ಮಾಡಿ, ಎರಡೇ ವಾಕ್ಯಕ್ಕೆ ಚೀನಾದ ನೂಲಿಗೆ ಬಂದೆ. ಆಗ ಅಗ್ಗದ ಚೀನಾ ರೇಷ್ಮೆ ಒಳಬಂದು ಗೂಡಿನ ಬೆಲೆ ಬಿದ್ದು, ನಮ್ಮ ಕಡೆ ಹಿಪ್ಪುನೇರಳೆ ಕಿತ್ತುಹಾಕಿ ಟೊಮ್ಯಾಟೊ, ನೀಲಗಿರಿ ಹಾಕುತ್ತಿದ್ದರು. ಪರೀಕ್ಷಕರು ಸುಮ್ಮನೆ ಕೇಳುವ ಜಾತಿಯಲ್ಲ. ನೇಕಾರನಿಗೆ ಅಗ್ಗದ ನೂಲು ಸಿಕ್ಕರೆ ತಪ್ಪೇನು, ಅವನ ಮನೆಯಲ್ಲೂ ಮಕ್ಕಳಿಲ್ಲವೆ ಎಂದು ಮೇಲೆ ಬಿದ್ದರು. ಅವರ ಮಾತಿನಲ್ಲಿ ಹುರುಳಿತ್ತು. ಮಗ್ಗದವರು ಹಾಸಿಗೆ ಚೀನಾ ನೂಲೇ ಗಟ್ಟಿ ಎನ್ನುತ್ತಿದ್ದದ್ದು ನನಗೂ ಗೊತ್ತು. ‘ಅದು ನಿಜವೇ ಆದರೂ’ ಎಂದು ಆರಂಭಿಸಿದೆ, ಆ ‘ಆದರೂ’ ಕೇಳುವ ಸ್ಯುಬ್‌ಜೊಂಕ್ತೀಫ್ ಸರಿಯಾಗಿ ಬಿತ್ತೋ ಇಲ್ಲವೋ ಎಂದು ಅವರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ. ಹೊರಗೆ ಕಾಯುತ್ತಿದ್ದ ಹುಡುಗ ಬಾಗಿಲು ತಟ್ಟುವವರೆಗೂ ಜಗಳ ನಡೆಯಿತು.

ಆಮೇಲೆ ಬಹಳ ವರ್ಷ ಯಂತ್ರಗಳ ಕೈಪಿಡಿ ಅನುವಾದಿಸಿ ಹೊಟ್ಟೆ ಹೊರೆದೆ. ಈಗ ಭಾನುವಾರ ಮಾಲೂರಿನಲ್ಲಿ ಕೆಲವು ಕಾಲೇಜು ಮಕ್ಕಳಿಗೆ ಫ್ರೆಂಚ್ ಹೇಳಿಕೊಡುತ್ತೇನೆ, ವ್ಯಾಕರಣವೆಲ್ಲ ಕನ್ನಡದಲ್ಲಿ. ಮೊಬೈಲ್ ಆ್ಯಪಿನಲ್ಲಿ ಕಲಿತು ಬಂದವರಿಗೆ ಉಚ್ಚಾರಣೆ ನಮ್ಮ ಕಾಲಕ್ಕಿಂತ ಚೆನ್ನಾಗಿದೆ; ಆ್ಯಪಿನಲ್ಲೂ ಜನ ಇನ್ನೂ ಕೆಫೆಯಲ್ಲೇ ಕೂತಿದ್ದಾರೆ. ಒಬ್ಬಳ ಮನೆಯವರು ಟೊಮ್ಯಾಟೊ ಬೆಳೆಗಾರರು. ಕೋಲಾರದ ಎಪಿಎಂಸಿಗೆ ರಾತ್ರೋರಾತ್ರಿ ಲೋಡು ಹೋಗುವುದು, ಹದಿನೈದು ಕೆಜಿ ಬಾಕ್ಸಿನ ಹರಾಜು, ಊಜಿಯ ಕಾಟ, ಇವೆಲ್ಲ ಅವಳ ಫ್ರೆಂಚಿನೊಳಗೆ ಬಂದಾಗಿದೆ. ಊಜಿ ಟೊಮ್ಯಾಟೊಗೆ ಬರಲ್ಲ ಕಣೇ, ಅದು ರೇಷ್ಮೆ ಹುಳಕ್ಕೆ ಬರೋ ನೊಣ ಎಂದರೆ, ನಮ್ಮಪ್ಪ ಎಲ್ಲ ನೊಣಕ್ಕೂ ಊಜಿ ಅಂತಲೇ ಅನ್ನೋದು ಮಿಸ್ ಎಂದು ವಾದಕ್ಕೆ ನಿಲ್ಲುತ್ತಾಳೆ. ಹೋದ ವಾರ ಪುಸ್ತಕ ಮುಚ್ಚುತ್ತಾ ಕೊಂದಿಸಿಯೊನೆಲ್‌ನಲ್ಲಿ ಒಂದು ವಾಕ್ಯ ಹೇಳು ಎಂದೆ. ಯೋಚಿಸಲೇ ಇಲ್ಲ: ನಾಳೆ ರೇಟು ಇಳಿಯುತ್ತಂತೆ ಎಂದು ಫ್ರೆಂಚಿನಲ್ಲಿ ಹೇಳಿ, ಅಪ್ಪನಿಗೆ ಫೋನ್ ಮಾಡಲು ಎದ್ದು ಹೊರಗೆ ಹೋದಳು.